ಟೆನ್ಷನ್ ತಿರುಪಿಗೆ ಕೈ ಹಾಕುವ ಮೊದಲು

ವರಮಹಾಲಕ್ಷ್ಮಿ ಹಬ್ಬಕ್ಕೆ ಎರಡೇ ದಿನ. ಹೊರಗೆ ಚಿಕ್ಕಮಗಳೂರಿನ ಶ್ರಾವಣದ ಮಳೆ. ಇನ್ನೂ ಏಳು ಬ್ಲೌಸು ಬಾಕಿ. ಆಗ ನನ್ನ ಕಪ್ಪು ಕಾಲುಮಿಷನ್ನು ಹಟ ಹಿಡಿಯಿತು. ಮೇಲಿನಿಂದ ನೋಡಿದರೆ ಹೊಲಿಗೆ ಚೆನ್ನಾಗೇ ಇದೆ. ಬಟ್ಟೆ ತಿರುವಿದರೆ ಅಡಿಯಲ್ಲಿ ದಾರ ಗುಂಜು ಗುಂಜು.

ಅಡಿಯಲ್ಲಿ ಗುಂಜು ಬಂದ ಮೇಲೆ ತಪ್ಪೂ ಅಡಿಯಲ್ಲೇ ಇರಬೇಕು ಅಲ್ವಾ? ನಾನೂ ಹಾಗೇ ಅಂದುಕೊಂಡೆ. ಅಡಿಯ ದಾರ ಸುತ್ತಿದ ಪುಟ್ಟ ಉರುಳೆಯೇ ಬಾಬಿನ್, ಅದು ಕೂರುವ ಡಬ್ಬಿ ಬಾಬಿನ್ ಕೇಸ್. ಆ ಕೇಸ್ ಹೊರಗೆ ತೆಗೆದು ಅದರ ಪುಟ್ಟ ಸ್ಕ್ರೂ ಬಿಗಿ ಮಾಡಿದೆ. ಸರಿಹೋಗಲಿಲ್ಲ. ಇನ್ನೊಂದು ಸುತ್ತು ಬಿಗಿ ಮಾಡಿದೆ. ಈಗ ದಾರ ಕಿತ್ತುಹೋಗತೊಡಗಿತು. ಆಮೇಲೆ ಮೇಲಿನ ದಾರದ ಬಿಗಿ, ಅಂದರೆ ಟೆನ್ಷನ್, ಬದಲಿಸುವ ತಿರುಪು ತಿರುವಿದೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಎರಡೂ ಮೊದಲು ಎಲ್ಲಿದ್ದವು ಅನ್ನುವುದೇ ನನಗೆ ಮರೆತುಹೋಗಿತ್ತು. ಒಂದು ರೇಷ್ಮೆ ಬ್ಲೌಸಿನ ಕಂಕುಳ ಹೊಲಿಗೆಯನ್ನು ಮೂರು ಸಲ ಬಿಚ್ಚಿ, ಬಟ್ಟೆಯಲ್ಲಿ ತೂತಿನ ಸಾಲು ಉಳಿಯಿತು.

ಕೊನೆಗೆ ಸಿಕ್ಕ ಕಾರಣ ಕೇಳಿದರೆ ನಗುತ್ತೀರಿ. ಬೆಳಗ್ಗೆ ಅವಸರದಲ್ಲಿ ದಾರ ಪೋಣಿಸುವಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಪಾದ ಕೆಳಗಿತ್ತು. ಅಷ್ಟೇ. ಮಿಷನ್ನಿನಲ್ಲಿ ಒಂದು ಸ್ಕ್ರೂ ಕೂಡ ಸಡಿಲವಾಗಿರಲಿಲ್ಲ. ಇದ್ದ ಸ್ಕ್ರೂಗಳನ್ನೆಲ್ಲ ಕೆಡಿಸಿದ್ದು ನಾನೇ.

ಅವತ್ತಿನಿಂದ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ತಿರುಪು ಕೊನೆಗೆ. ಅದಕ್ಕಿಂತ ಮೊದಲು ನೋಡುವುದು ಬೇಕಾದಷ್ಟಿದೆ. ಬಹಳ ಸಲ ತಿರುಪಿನವರೆಗೆ ಹೋಗುವುದೇ ಬೇಡ.

ಮೊದಲು ಎರಡು ಬಣ್ಣದ ದಾರ

ಒಂದೇ ಬಣ್ಣದ ದಾರ ಹಾಕಿಕೊಂಡು ಟೆನ್ಷನ್ ತಕರಾರು ಹುಡುಕಬೇಡಿ. ಕಣ್ಣು ನೋಯುತ್ತದೆ, ಏನೂ ತಿಳಿಯುವುದಿಲ್ಲ. ಮೇಲೆ ಕೆಂಪು, ಬಾಬಿನ್ನಿಗೆ ಬಿಳಿ ಹಾಕಿ. ಎರಡೂ ಒಂದೇ ಜಾತಿಯ, ಒಂದೇ ದಪ್ಪದ ದಾರ ಆಗಿರಲಿ. ಲೈನಿಂಗ್ ಬಟ್ಟೆಯ ತುಂಡನ್ನು ಎರಡು ಮಡಿಕೆ ಮಾಡಿ ಒಂದು ಗೇಣು ಹೊಲಿಯಿರಿ. ಲೈನಿಂಗ್ ಬಟ್ಟೆ ಬೇರೆ ಬಣ್ಣದ್ದಾದರೆ, ಅಂದರೆ ಹಳದಿಯೋ ತಿಳಿನೀಲಿಯೋ ಆದರೆ, ಇನ್ನೂ ಒಳ್ಳೆಯದು.

ಹೊಲಿಗೆ ಅಂದರೆ ಎರಡು ದಾರಗಳ ಹಗ್ಗಜಗ್ಗಾಟ. ಮೇಲಿನದು ಮೇಲಕ್ಕೆ ಎಳೆಯುತ್ತದೆ, ಕೆಳಗಿನದು ಕೆಳಕ್ಕೆ. ಬಲ ಸಮ ಇದ್ದರೆ ಗಂಟು ಬಟ್ಟೆಯ ಒಳಗೆ, ಎರಡು ಪದರದ ನಡುವೆ ಕೂರುತ್ತದೆ. ಆಗ ಮೇಲೆ ಬರೀ ಕೆಂಪು, ಕೆಳಗೆ ಬರೀ ಬಿಳಿ ಕಾಣುತ್ತದೆ.

ಅಡಿಯಲ್ಲಿ ಕೆಂಪು ದಾರ ಕುಣಿಕೆ ಕುಣಿಕೆಯಾಗಿ ಕಂಡರೆ ಮೇಲಿನ ದಾರ ಸೋತಿದೆ ಎಂದರ್ಥ. ಅದನ್ನು ಹಿಡಿದಿಡುವವರು ಯಾರೂ ಇಲ್ಲ. ಬಾಬಿನ್ ದಾರ ಅದನ್ನು ಕೆಳಗೆ ಎಳೆದುಕೊಂಡಿದೆ. ಹಾಗಾದರೆ ನೋಡಬೇಕಾದ್ದು ಮೇಲೆ. ಮೇಲ್ಭಾಗದಲ್ಲಿ ಬಿಳಿ ಚುಕ್ಕೆಗಳು ಕಂಡರೆ, ಒಂದೋ ಮೇಲಿನ ದಾರ ಅತಿ ಬಿಗಿ, ಇಲ್ಲವೇ ಬಾಬಿನ್ ಅತಿ ಸಡಿಲ. ನಾನು ಅವತ್ತು ಮಾಡಿದ್ದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಇನ್ನೊಂದು ಪರೀಕ್ಷೆ ಇದೆ. ಬಟ್ಟೆಯನ್ನು ಓರೆಯಾಗಿ ಇಟ್ಟು, ಅಂದರೆ ಕ್ರಾಸ್ ಪೀಸಿನ ದಿಕ್ಕಿನಲ್ಲಿ, ಒಂದು ಗೇಣು ಹೊಲಿಯಿರಿ. ಎರಡೂ ತುದಿ ಹಿಡಿದು ಜೋರಾಗಿ ಎಳೆಯಿರಿ. ಯಾವ ದಾರ ಮೊದಲು ಕಿತ್ತುಹೋಯಿತೋ ಅದು ಜಾಸ್ತಿ ಬಿಗಿ. ಎರಡೂ ಒಟ್ಟಿಗೆ ಕಿತ್ತರೆ, ಅಥವಾ ಎರಡೂ ಕೀಳದೆ ತಡೆದುಕೊಂಡರೆ, ಟೆನ್ಷನ್ ಸರಿಯಾಗಿದೆ. ಆಗ ತಕರಾರು ಬೇರೆ ಕಡೆ ಇದೆ.

ಇಲ್ಲೇ ಒಂದು ಮಾತು. ಗುಂಜು ಹೊಲಿಗೆಯ ಶುರುವಿನಲ್ಲಿ ಮಾತ್ರ ಬಂದು ಆಮೇಲೆ ಸರಿಹೋದರೆ ಅದು ಟೆನ್ಷನ್ ದೋಷವೇ ಅಲ್ಲ. ಎರಡೂ ದಾರವನ್ನು ನಾಲ್ಕು ಬೆರಳಿಗಿಂತ ಉದ್ದ ಬಿಟ್ಟು, ಪಾದದ ಕೆಳಗಿಂದ ಹಿಂದಕ್ಕೆ ತಂದು, ಮೊದಲ ಎರಡು ಮೂರು ಹೊಲಿಗೆ ಬೀಳುವವರೆಗೆ ಬೆರಳಲ್ಲಿ ಹಿಡಿದುಕೊಳ್ಳಿ. ಮುಗಿಯಿತು.

ಪೂರ್ತಿ ಬಿಚ್ಚಿ, ಮತ್ತೆ ಪೋಣಿಸಿ

"ಸರಿಯಾಗೇ ಪೋಣಿಸಿದ್ದೇನೆ" ಎಂದು ನಿಮಗೆ ಎಷ್ಟೇ ಖಾತ್ರಿ ಇರಲಿ, ಮತ್ತೊಮ್ಮೆ ಪೋಣಿಸಿ. ಬಿಚ್ಚುವಾಗ ದಾರವನ್ನು ರೀಲಿನ ಹತ್ತಿರ ಕತ್ತರಿಸಿ, ಸೂಜಿಯ ಕಡೆಯಿಂದ ಹೊರಗೆ ಎಳೆಯಿರಿ. ರೀಲಿನ ಕಡೆಗೆ ಹಿಂದಕ್ಕೆ ಎಳೆದರೆ ದಾರದ ನಾರು, ಗಂಟು ಎಲ್ಲ ಟೆನ್ಷನ್ ತಟ್ಟೆಗಳ ನಡುವೆ ಸಿಕ್ಕಿಕೊಳ್ಳುತ್ತವೆ.

ಈಗ ಪಾದ ಮೇಲೆತ್ತಿ. ಇದು ಏಕೆ ಇಷ್ಟು ಮುಖ್ಯ ಅಂದರೆ, ಟೆನ್ಷನ್ ತಿರುಪಿನ ಹಿಂದೆ ಎರಡು ಸಣ್ಣ ತಟ್ಟೆಗಳಿವೆ. ದಾರವನ್ನು ಒತ್ತಿ ಹಿಡಿಯುವುದು ಆ ತಟ್ಟೆಗಳೇ. ಪಾದ ಎತ್ತಿದಾಗ ಅವು ಸಡಿಲವಾಗುತ್ತವೆ, ಇಳಿಸಿದಾಗ ಮುಚ್ಚಿಕೊಳ್ಳುತ್ತವೆ. ಪಾದ ಕೆಳಗಿರುವಾಗ ಪೋಣಿಸಿದರೆ ದಾರ ತಟ್ಟೆಗಳ ಒಳಗೆ ಹೋಗದೆ ಅಂಚಿನ ಮೇಲೇ ಉಳಿದುಬಿಡಬಹುದು. ಹೊರಗಿನಿಂದ ನೋಡಿದರೆ ಎಲ್ಲ ಸರಿಯಾಗೇ ಕಾಣುತ್ತದೆ. ಆದರೆ ಟೆನ್ಷನ್ ಸೊನ್ನೆ.

ತಟ್ಟೆ ದಾಟಿದ ಮೇಲೆ ದಾರ ಕಿರುಬೆರಳಿನ ಹಾಗೆ ಬಾಗಿದ ಪುಟ್ಟ ತಂತಿ ಸ್ಪ್ರಿಂಗಿಗೆ ಸಿಕ್ಕಬೇಕು. ಆಮೇಲೆ ಮೇಲೆ ಕೆಳಗೆ ಆಡುವ ಕಡ್ಡಿಯ ಕಣ್ಣಿನಲ್ಲಿ ಹೋಗಬೇಕು. ಈ ಕಡ್ಡಿ ತಪ್ಪಿದರೆ ನಾಲ್ಕು ಹೊಲಿಗೆ ಹಾಕುವಷ್ಟರಲ್ಲಿ ಅಡಿಯಲ್ಲಿ ಹಕ್ಕಿ ಗೂಡು ಕಟ್ಟಿದಂತೆ ದಾರ ತುಂಬಿಕೊಂಡು ಮಿಷನ್ನೇ ನಿಲ್ಲುತ್ತದೆ. ಪೋಣಿಸುವ ಮೊದಲು ಚಕ್ರ ತಿರುಗಿಸಿ ಕಡ್ಡಿಯನ್ನು ಪೂರ್ತಿ ಮೇಲೆ ತಂದುಕೊಳ್ಳಿ.

ಸೂಜಿಗೆ ಹಾಕುವ ಮುಂಚೆ ಒಂದು ಸಣ್ಣ ಪರೀಕ್ಷೆ. ಇಷ್ಟು ಉದ್ದ ಬರೆದದ್ದರಲ್ಲಿ ನೀವು ಒಂದೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಪಾದ ಎತ್ತಿ ದಾರ ಎಳೆಯಿರಿ. ಸಲೀಸಾಗಿ ಬರಬೇಕು. ಪಾದ ಇಳಿಸಿ ಎಳೆಯಿರಿ. ಕೈಗೆ ಬಿಗಿ ಹತ್ತಬೇಕು. ವ್ಯತ್ಯಾಸ ತಿಳಿದರೆ ತಟ್ಟೆಗಳು ಕೆಲಸ ಮಾಡುತ್ತಿವೆ. ಎರಡು ಸಲವೂ ಸಲೀಸಾಗಿ ಬಂದರೆ ದಾರ ತಟ್ಟೆಯೊಳಗೆ ಇಲ್ಲ, ಅಥವಾ ತಟ್ಟೆಗಳ ನಡುವೆ ಕಸ ಇದೆ. ಎರಡು ಸಲವೂ ಬಿಗಿಯಾಗಿದ್ದರೆ ದಾರ ಬೇರೆಲ್ಲೋ ಸಿಕ್ಕಿಕೊಂಡಿದೆ. ರೀಲಿನ ಬಾಯಲ್ಲಿರುವ ಸೀಳು ನೋಡಿ. ದಾರದ ತುದಿ ಸಿಕ್ಕಿಸಿಡಲು ಮಾಡಿದ ಆ ಸೀಳಿಗೆ ದಾರ ಪದೇಪದೇ ಸಿಕ್ಕಿಕೊಳ್ಳುತ್ತಿರುತ್ತದೆ.

ದೊಡ್ಡ ಕೋನ್ ದಾರ ಬಳಸುವವರು ಅದನ್ನು ಮಿಷನ್ನಿನ ಮೇಲೆ ರೀಲು ಕೂರಿಸುವ ಕಡ್ಡಿಗೆ ಸಿಕ್ಕಿಸಲು ಹೋಗಬೇಡಿ. ಮಿಷನ್ನಿನ ಹಿಂದೆ ಒಂದು ಸ್ಟೀಲ್ ಲೋಟದಲ್ಲಿ ನಿಲ್ಲಿಸಿ. ಕೋನಿನ ದಾರ ನೇರ ಮೇಲಕ್ಕೆ ಎದ್ದು ಬರಬೇಕು, ಪಕ್ಕಕ್ಕೆ ಎಳೆದರೆ ಜಗ್ಗಿ ಜಗ್ಗಿ ಬರುತ್ತದೆ.

ಸೂಜಿ

ಸೂಜಿಯ ಬಗ್ಗೆ ನಾವು ಬಹಳ ಜಿಪುಣರು. ಮುರಿಯುವವರೆಗೂ ಬದಲಿಸುವುದಿಲ್ಲ. ಎಂಟು ಗಂಟೆ ಹೊಲಿದ ಮೇಲೆ ಬದಲಿಸಿ ಎನ್ನುವುದು ಸಾಮಾನ್ಯವಾಗಿ ಹೇಳುವ ಲೆಕ್ಕ. ನಾನು ಅಷ್ಟು ಶಿಸ್ತಿನವಳಲ್ಲ. ಆದರೆ ತಕರಾರು ಬಂದಾಗ ಮೊದಲು ಹೊಸ ಸೂಜಿ ಹಾಕಿಯೇ ಮುಂದಿನ ಮಾತು.

ನಂಬರು ಬಟ್ಟೆಗೆ ತಕ್ಕ ಹಾಗಿರಲಿ. ರೇಷ್ಮೆ, ಜಾರ್ಜೆಟ್‌ಗೆ 9 ಅಥವಾ 11. ಹತ್ತಿ ಬ್ಲೌಸು, ಚೂಡಿದಾರಕ್ಕೆ 11 ಇಲ್ಲವೇ 14. ಶಾಲೆ ಯೂನಿಫಾರ್ಮಿನ ಪ್ಯಾಂಟಿಗೆ 16. ಕಾಫಿ ಕುಯ್ಲು ಶುರುವಾಗುವ ಮುಂಚೆ ನಮ್ಮ ಕಡೆ ಹಣ್ಣು ಬಿಡಿಸುವಾಗ ಸೊಂಟಕ್ಕೆ ಕಟ್ಟುವ ಚೀಲ ಹೊಲಿಯಲು ಕೊಡುವವರಿದ್ದಾರೆ. ಒಂದು ವರ್ಷ ಬ್ಲೌಸಿನ 11ರ ಸೂಜಿಯಲ್ಲೇ ಆ ದಪ್ಪ ಬಟ್ಟೆ ಹೊಲಿಯಲು ಹೋದೆ. ಅಡಿಯೆಲ್ಲ ಕುಣಿಕೆ. ಸಣ್ಣ ಸೂಜಿ ದಪ್ಪ ಬಟ್ಟೆಯಲ್ಲಿ ಮಾಡುವ ತೂತು ದಾರಕ್ಕೆ ಸಾಲುವುದಿಲ್ಲ. ಗಂಟು ಮೇಲೆ ಬರಲಾರದೆ ಅಡಿಯಲ್ಲೇ ಉಳಿಯುತ್ತದೆ. 18 ಹಾಕಿದೆ, ಟೆನ್ಷನ್ ಮುಟ್ಟದೆ ಸರಿಹೋಯಿತು.

ಸೂಜಿ ಹಾಕುವ ದಿಕ್ಕು ಮಿಷನ್ನಿನಿಂದ ಮಿಷನ್ನಿಗೆ ಬೇರೆ. ಆದರೆ ಒಂದು ನಿಯಮ ಎಲ್ಲದಕ್ಕೂ ಒಂದೇ. ಸೂಜಿಯ ಒಂದು ಬದಿಯಲ್ಲಿ ಉದ್ದಕ್ಕೆ ಗೀರಿನಂತಹ ಕಾಲುವೆ ಇರುತ್ತದೆ. ದಾರ ಪೋಣಿಸುವುದು ಆ ಬದಿಯಿಂದ. ಸೂಜಿಯ ಬುಡದ ಚಪ್ಪಟೆ ಬದಿ ಅದಕ್ಕೆ ಎದುರು. ನನ್ನ ಕಪ್ಪು ಮಿಷನ್ನಿನಲ್ಲಿ ಚಪ್ಪಟೆ ಬದಿ ಎಡಕ್ಕೆ, ದಾರ ಬಲದಿಂದ ಎಡಕ್ಕೆ. ಪಿಕೋಗೆ ಇಟ್ಟುಕೊಂಡ ಬಿಳಿ ಮಿಷನ್ನಿನಲ್ಲಿ ಚಪ್ಪಟೆ ಬದಿ ಹಿಂದಕ್ಕೆ, ದಾರ ಮುಂದಿನಿಂದ. ಎರಡರ ನಡುವೆ ಓಡಾಡುವಾಗ ನಾನೇ ಎಷ್ಟೋ ಸಲ ತಪ್ಪಿದ್ದೇನೆ. ಸೂಜಿಯನ್ನು ಪೂರ್ತಿ ಮೇಲಕ್ಕೆ, ತಡೆ ಸಿಗುವವರೆಗೆ ತಳ್ಳಿ ಸ್ಕ್ರೂ ಬಿಗಿ ಮಾಡಿ.

ಬಾಬಿನ್ ಮತ್ತು ಅದರ ಮನೆ

ಬಾಬಿನ್ ಸುತ್ತಿದ್ದು ಸಮವಾಗಿಲ್ಲದಿದ್ದರೆ ಟೆನ್ಷನ್ ಒಮ್ಮೆ ಬಿಗಿ ಒಮ್ಮೆ ಸಡಿಲ ಆಗುತ್ತದೆ. ಒಂದು ಮಾರು ಹೊಲಿಗೆ ಚೆನ್ನಾಗಿ ಬಂದು ಆಮೇಲೆ ಕೆಡುವುದು, ಮತ್ತೆ ತಾನೇ ಸರಿಹೋಗುವುದು ಇದರ ಗುರುತು. ಕೈಯಲ್ಲಿ ಸುತ್ತಬೇಡಿ. ಸುತ್ತುವಾಗ ದಾರವನ್ನು ಅದಕ್ಕೆಂದೇ ಇರುವ ಸಣ್ಣ ತಟ್ಟೆಯ ಮೂಲಕ ಹಾಯಿಸಿ. ಸುತ್ತಿದ ಬಾಬಿನ್ ಬೆರಳಲ್ಲಿ ಒತ್ತಿದರೆ ಗಟ್ಟಿಯಾಗಿರಬೇಕು, ಮೆತ್ತಗಿರಬಾರದು. ಹಳೆ ದಾರ ಖಾಲಿಯಾಗದೆ ಅದರ ಮೇಲೇ ಹೊಸದನ್ನು ಸುತ್ತುವ ಅಭ್ಯಾಸ ನನಗೂ ಇತ್ತು. ಅದನ್ನೂ ಬಿಡಿ.

ತುಕ್ಕು ಹಿಡಿದ, ಅಂಚು ಬಾಗಿದ ಬಾಬಿನ್ನುಗಳನ್ನು ಎಸೆಯಿರಿ. ಒಂದು ಮಿಷನ್ನಿನ ಬಾಬಿನ್ ಇನ್ನೊಂದಕ್ಕೆ ಹಾಕಬೇಡಿ. ನೋಡಲು ಒಂದೇ ತರ ಇದ್ದರೂ ಎತ್ತರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ.

ಈಗ ಬಾಬಿನ್ ಕೇಸ್. ಅದರ ಹೊರಮೈಯಲ್ಲಿ ಎಲೆಯಂತಹ ತೆಳುವಾದ ಸ್ಪ್ರಿಂಗ್ ಇದೆ. ದಾರ ಸೀಳಿನಿಂದ ಜಾರಿ ಈ ಎಲೆಯ ಅಡಿಯಲ್ಲಿ ಬಂದು ಹೊರಗೆ ಬರಬೇಕು. ಸೀಳಿನಲ್ಲೇ ನಿಂತರೆ ಟೆನ್ಷನ್ ಇಲ್ಲ. ಎಲೆಯ ಅಡಿಯಲ್ಲಿ ಒಂದು ಎಳೆ ನಾರು ಕೂತರೂ ಸಾಕು, ಎಲೆ ಎತ್ತಿಕೊಂಡು ದಾರ ಸಡಿಲವಾಗುತ್ತದೆ. ಮದುವೆ ಕರೆಯೋಲೆಯ ಮೂಲೆಯನ್ನು ಕತ್ತರಿಸಿ ಎಲೆಯ ಕೆಳಗೆ ತೂರಿಸಿ ಎಳೆಯಿರಿ. ಪಿನ್ನು, ಬ್ಲೇಡು ಬೇಡ. ಗೀರು ಬಿದ್ದರೆ ದಾರ ಅಲ್ಲೇ ಸವೆದು ಕೀಳುತ್ತದೆ.

ಕೇಸಿನ ಬಿಗಿ ನೋಡುವುದು ಹೀಗೆ. ಬಾಬಿನ್ ಹಾಕಿದ ಕೇಸನ್ನು ದಾರದ ತುದಿ ಹಿಡಿದು ತೂಗುಬಿಡಿ. ಅದು ಹಾಗೇ ನೇತಾಡಬೇಕು. ಕೈ ಸಣ್ಣಗೆ ಜಗ್ಗಿದರೆ ಒಂದೆರಡು ಅಂಗುಲ ಇಳಿದು ನಿಲ್ಲಬೇಕು. ತಾನಾಗೇ ಸರ್ರನೆ ಇಳಿದರೆ ಸಡಿಲ. ಜಗ್ಗಿದರೂ ಕದಲದಿದ್ದರೆ ಬಿಗಿ. ಇದು ಹೊರಗೆ ತೆಗೆಯಬಹುದಾದ ಕಬ್ಬಿಣದ ಕೇಸಿಗೆ ಮಾತ್ರ. ಮೇಲಿನಿಂದ ಬಾಬಿನ್ ಹಾಕುವ ಹೊಸ ಮಿಷನ್ನುಗಳ ಪ್ಲಾಸ್ಟಿಕ್ ಕೇಸಿಗೆ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ನೋಡಬೇಕಾದ್ದು ದಿಕ್ಕು. ದಾರ ಎಳೆದಾಗ ಬಾಬಿನ್ ಗಡಿಯಾರದ ಮುಳ್ಳಿಗೆ ವಿರುದ್ಧ ತಿರುಗಬೇಕು.

ಮಲೆನಾಡಿನ ತುಕ್ಕು, ಬಯಲಿನ ಧೂಳು, ಕೊಬ್ಬರಿ ಎಣ್ಣೆ

ಕಡೂರಿನಲ್ಲಿರುವ ನನ್ನ ತಂಗಿಯ ಮಿಷನ್ನಿನ ರೋಗ ಬೇರೆ, ಮೂಡಿಗೆರೆಯಲ್ಲಿರುವ ಅತ್ತಿಗೆಯ ಮಿಷನ್ನಿನ ರೋಗ ಬೇರೆ. ಕಡೂರಿನಲ್ಲಿ ಧೂಳು. ಅದು ಎಣ್ಣೆಯ ಜೊತೆ ಸೇರಿ ಕಪ್ಪು ಮೇಣವಾಗುತ್ತದೆ. ಮೂಡಿಗೆರೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಟೆನ್ಷನ್ ತಟ್ಟೆಗಳ ಒಳಮೈಗೆ ಸಣ್ಣ ತುಕ್ಕು ಬಂದರೆ ದಾರ ನುಣ್ಣಗೆ ಜಾರುವ ಬದಲು ತಡೆತಡೆದು ಬರುತ್ತದೆ. ಆಗ ಹೊಲಿಗೆ ಎರಡು ಬಿಗಿ, ಮೂರು ಸಡಿಲ, ಹೀಗೆ ತಾಳ ತಪ್ಪುತ್ತದೆ. ತಿರುಪು ಎಷ್ಟು ತಿರುವಿದರೂ ಇದು ಹೋಗುವುದಿಲ್ಲ.

ಶುಚಿ ಮಾಡಲು ಪಾದ ಎತ್ತಿ, ತೆಳುವಾದ ಹತ್ತಿ ಬಟ್ಟೆಯ ಪಟ್ಟಿಯನ್ನು ತಟ್ಟೆಗಳ ನಡುವೆ ಹಾಕಿ ಹಿಂದೆ ಮುಂದೆ ಎಳೆಯಿರಿ, ಬೆನ್ನು ಉಜ್ಜಿಕೊಳ್ಳುವ ಹಾಗೆ. ಪಟ್ಟಿ ಕಂದು ಬಣ್ಣಕ್ಕೆ ತಿರುಗಿದರೆ ತುಕ್ಕಿದೆ. ಬಣ್ಣ ಬರುವುದು ನಿಲ್ಲುವವರೆಗೆ ಹೊಸ ಪಟ್ಟಿ ಹಾಕಿ. ಜಾಸ್ತಿ ತುಕ್ಕಿದ್ದರೆ ತಿರುಪು ಪೂರ್ತಿ ಬಿಚ್ಚಬೇಕಾಗುತ್ತದೆ. ಬಿಚ್ಚುವ ಒಂದೊಂದು ಹೆಜ್ಜೆಗೂ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ತಟ್ಟೆ, ಸ್ಪ್ರಿಂಗು, ವಾಷರು ಯಾವುದರ ಮೇಲೆ ಯಾವುದು ಎಂದು ಆಮೇಲೆ ನೆನಪಾಗುವುದಿಲ್ಲ. ತಟ್ಟೆಗಳ ನಡುವೆ ಎಣ್ಣೆ ಬಿಡಲೇಬೇಡಿ. ದಾರ ಜಾರುತ್ತದೆ, ಬಟ್ಟೆಗೂ ಕಲೆ.

ಬಾಬಿನ್ ಕೇಸ್ ಕೂರುವ ಶಟಲ್ ಇರುವ ಜಾಗ, ಸೂಜಿ ತಟ್ಟೆಯ ಕೆಳಗಿನ ಹಲ್ಲುಗಳ ಸಂದು, ಇವನ್ನೂ ಹಳೆ ಬ್ರಷ್ಷಿನಿಂದ ಗುಡಿಸಿ. ಅಲ್ಲಿ ಸಿಗುವ ನಾರಿನ ಉಂಡೆ ನೋಡಿದರೆ ದಾರಕ್ಕೆ ಓಡಾಡಲು ಜಾಗ ಎಲ್ಲಿತ್ತು ಅನಿಸುತ್ತದೆ. ಆಮೇಲೆ ಶಟಲ್ಲಿಗೆ ಮಿಷನ್ ಎಣ್ಣೆ ಒಂದು ಹನಿ.

ಮಿಷನ್ ಎಣ್ಣೆ ಎಂದೆ. ಅಮ್ಮ ಕೊಬ್ಬರಿ ಎಣ್ಣೆ ಬಿಡುತ್ತಿದ್ದಳು. ಮನೆಯಲ್ಲಿ ಸುಲಭಕ್ಕೆ ಸಿಗುತ್ತಿದ್ದದ್ದು ಅದೇ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮೂರಿನ ಡಿಸೆಂಬರ್ ಬೆಳಗ್ಗೆ ಬಚ್ಚಲಲ್ಲಿ ಎಣ್ಣೆ ಸೀಸೆ ಹೇಗಿರುತ್ತದೆ ನೆನಪಿಸಿಕೊಳ್ಳಿ. ಮಿಷನ್ನಿನ ಹೊಟ್ಟೆಯಲ್ಲೂ ಹಾಗೇ. ಆಮೇಲೆ ಅದು ಅಂಟಾಗಿ ಗಟ್ಟಿ ಕಟ್ಟುತ್ತದೆ. ಮಳೆಗಾಲದಲ್ಲಿ ಕೆಲಸ ಮುಗಿದ ಮೇಲೆ ಪಾದದ ಕೆಳಗೆ ಒಣ ಹತ್ತಿ ಬಟ್ಟೆ ಇಟ್ಟು ಪಾದ ಇಳಿಸಿ, ಮುಚ್ಚಳ ಹಾಕಿ. ಗೋಡೆಗೆ ಒತ್ತಿ ಇಡಬೇಡಿ.

ಈಗ ತಿರುಪು

ಇಷ್ಟೂ ಆದ ಮೇಲೂ ಎರಡು ಬಣ್ಣದ ಪರೀಕ್ಷೆ ತಪ್ಪು ತೋರಿಸಿದರೆ ತಿರುಪಿಗೆ ಕೈ ಹಾಕಿ. ಪಾದ ಕೆಳಗಿರಲಿ. ಬಲಕ್ಕೆ ತಿರುವಿದರೆ ಬಿಗಿ, ಎಡಕ್ಕೆ ಸಡಿಲ. ನಂಬರು ಇರುವ ಮಿಷನ್ನಾದರೆ 4ರಿಂದ ಶುರು ಮಾಡಿ, ಅರ್ಧರ್ಧ ನಂಬರು ಸರಿಸಿ. ನಂಬರು ಇಲ್ಲದ ಹಳೆ ತಿರುಪಿನಲ್ಲಿ ಒಂದು ಸುತ್ತಿನ ಎಂಟನೇ ಒಂದು ಭಾಗ. ಪ್ರತಿ ಸಲ ಒಂದು ಗೇಣು ಹೊಲಿದು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ತಿರುಪನ್ನೂ ಸೂಜಿಯನ್ನೂ ದಾರವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂದು ಗೊತ್ತಾಗುವುದಿಲ್ಲ.

ಬಾಬಿನ್ ಕೇಸಿನ ಸ್ಕ್ರೂ ಅದಕ್ಕೂ ಆಮೇಲೆ. ತೂಗುಬಿಟ್ಟ ಪರೀಕ್ಷೆಯಲ್ಲಿ ಕೇಸು ಸೋತರೆ ಮಾತ್ರ. ನನ್ನ ಕೇಸಿನ ಎಲೆಯ ಮೇಲೆ ಎರಡು ಸ್ಕ್ರೂ ಇವೆ. ತುದಿಯದು ಎಲೆಯನ್ನು ಹಿಡಿದಿಡಲು, ನಡುವಿನದು ಬಿಗಿ ಬದಲಿಸಲು. ನಡುವಿನದನ್ನು ಮಾತ್ರ ಮುಟ್ಟಿ. ಸ್ಕ್ರೂವಿನ ಗೀರು ಎಲ್ಲಿದೆ ಎಂದು ಮಾರ್ಕರಿನಲ್ಲಿ ಗುರುತು ಹಾಕಿ. ಗಡಿಯಾರದ ಮುಳ್ಳು 12ರಿಂದ 1ಕ್ಕೆ ಹೋದಷ್ಟೇ ತಿರುವಿ, ಮತ್ತೆ ತೂಗಿ ನೋಡಿ. ಈ ಕೆಲಸವನ್ನು ಬಿಳಿ ತಟ್ಟೆಯ ಮೇಲೆ ಮಾಡಿ. ಆ ಸ್ಕ್ರೂ ಸಾಸಿವೆಗಿಂತ ಸ್ವಲ್ಪ ದೊಡ್ಡದು. ರೆಡ್ ಆಕ್ಸೈಡ್ ನೆಲದ ಮೇಲೆ ಬಿದ್ದರೆ ಆಮೇಲೆ ಮನೆಮಂದಿಯೆಲ್ಲ ಟಾರ್ಚು ಹಿಡಿದು ಹುಡುಕಬೇಕು.

ತಿರುಪು ಪೂರ್ತಿ ಬಿಗಿ ಮಾಡಿದರೂ ಅಡಿಯಲ್ಲಿ ಕುಣಿಕೆ ನಿಲ್ಲದಿದ್ದರೆ ಆ ಕಿರುಬೆರಳಿನಂತಹ ತಂತಿ ಸ್ಪ್ರಿಂಗ್ ನೋಡಿ. ಹೊಲಿಯುವಾಗ ಅದು ಪ್ರತಿ ಹೊಲಿಗೆಗೂ ಮಿಡಿಯಬೇಕು. ಮುರಿದಿದ್ದರೆ ಅಥವಾ ಸತ್ತ ಹಾಗೆ ಬಿದ್ದಿದ್ದರೆ ಅದನ್ನೇ ಬದಲಿಸಬೇಕು. ಕಪ್ಪು ಮಿಷನ್ನುಗಳಿಗೆ ಟೆನ್ಷನ್ ಸೆಟ್ಟೇ ಬಿಡಿಯಾಗಿ ಅಂಗಡಿಯಲ್ಲಿ ಸಿಗುತ್ತದೆ.

ಟೆನ್ಷನ್ ಸರಿ ಇದ್ದೂ ಹೊಲಿಗೆ ಕೆಟ್ಟರೆ

ರೇಷ್ಮೆ, ಜಾರ್ಜೆಟ್ ಸುಕ್ಕುಗಟ್ಟಿದರೆ ಎರಡೂ ದಾರ ಸಮ ಇದ್ದರೂ ಎರಡೂ ಬಿಗಿ ಇರಬಹುದು. ಮೊದಲು ಸಣ್ಣ ಸೂಜಿ ಹಾಕಿ, ಅಡಿಗೆ ತೆಳು ಕಾಗದ ಇಟ್ಟು ಹೊಲಿದು ಕಾಗದ ಹರಿದು ತೆಗೆಯಿರಿ. ಸುದ್ದಿ ಪತ್ರಿಕೆ ಬೇಡ, ಶಾಯಿ ಹತ್ತುತ್ತದೆ. ಆಮೇಲೂ ಸುಕ್ಕು ಬಂದರೆ ಮೇಲಿನ ಟೆನ್ಷನ್ ಸ್ವಲ್ಪ ಇಳಿಸಿ.

ಸೀರೆಗೆ ಪಿಕೋ, ಜಿಗ್‌ಜಾಗ್ ಹಾಕುವಾಗ ಮೇಲಿನ ದಾರ ಅಡಿಯಲ್ಲಿ ಸ್ವಲ್ಪ ಕಾಣುವುದು ತಪ್ಪಲ್ಲ. ಅಲ್ಲಿ ಮೇಲಿನ ಟೆನ್ಷನ್ ಸ್ವಲ್ಪ ಸಡಿಲವೇ ಇರಬೇಕು. ನೇರ ಹೊಲಿಗೆಗೆ ಮರಳುವಾಗ ಹಿಂದಿನ ಜಾಗಕ್ಕೆ ತರುವುದು ಮರೆಯಬೇಡಿ.

ಹೊಲಿಗೆ ಬಿಟ್ಟು ಬಿಟ್ಟು ಬಿದ್ದರೆ ಸೂಜಿ ಅಥವಾ ಶಟಲ್ಲಿನ ಹೊಂದಾಣಿಕೆಯ ಮಾತು, ಟೆನ್ಷನ್ನಿನದಲ್ಲ. ದಾರ ಒಂದೇ ಜಾಗದಲ್ಲಿ ಕೀಳುತ್ತಿದ್ದರೆ ಸೂಜಿ ತಟ್ಟೆಯ ತೂತಿನ ಅಂಚನ್ನು ಉಗುರಿನಿಂದ ಸವರಿ. ಸೂಜಿ ಬಡಿದು ಎದ್ದ ಮುಳ್ಳು ಸಿಗಬಹುದು. ದಾರವೇ ಹಳೆಯದಾಗಿ ಲಡ್ಡಾಗಿದ್ದರೂ ಹೀಗೇ. ಎರಡು ಕೈಯಲ್ಲಿ ಹಿಡಿದು ಎಳೆದು ನೋಡಿ. ಪಟ್ಟನೆ ಕಿತ್ತರೆ ಅದು ಹೂ ಕಟ್ಟಲು ಮಾತ್ರ.

ಸೂಜಿ ಹೊಸದಾಗಿಯೂ ಹೊಲಿಗೆ ಬಿಡುತ್ತಿದ್ದರೆ, ಸೂಜಿ ಶಟಲ್ಲಿಗೆ ತಗುಲಿ ಟಕ್ ಟಕ್ ಎನ್ನುತ್ತಿದ್ದರೆ ರಿಪೇರಿಯವರ ಹತ್ತಿರ ಹೋಗಿ. ಅದನ್ನು ಮನೆಯಲ್ಲಿ ಸರಿ ಮಾಡಲು ನಾನೂ ಹೋಗುವುದಿಲ್ಲ. ಮಿಷನ್ನಿನ ತಲೆಯನ್ನು ಮಾತ್ರ ಬಿಚ್ಚಿ ಒಯ್ದರೆ ಸಾಕು. ಜೊತೆಗೆ ಎರಡು ಬಣ್ಣದಲ್ಲಿ ಹೊಲಿದ ತುಂಡು ಬಟ್ಟೆ, ನೀವು ಬಳಸುವ ದಾರ, ಬಾಬಿನ್ ಕೇಸ್ ಒಯ್ಯಿರಿ. ಮೂಡಿಗೆರೆಯಿಂದ ಬಸ್ಸಿನಲ್ಲಿ ಅಷ್ಟು ಭಾರದ ತಲೆ ಹೊತ್ತುಕೊಂಡು ಬಂದ ಅತ್ತಿಗೆ ಬಾಬಿನ್ ಕೇಸನ್ನು ಮನೆಯ ಕಿಟಕಿಯ ಮೇಲೇ ಬಿಟ್ಟು ಬಂದಿದ್ದಳು.